ಒರೆಗಲ್ಲಿನ ಬದಲಾವಣೆ: ಘಟಕಪರೀಕ್ಷೆಗಳ ರೂಪಾಂತರವನ್ನು ಕುರಿತು

೧

ಕ್ರಮವಿಧಿಯೊಂದರ ಸಣ್ಣ ಸಣ್ಣ ಭಾಗಗಳನ್ನು ಬೇರೆಬೇರೆಯಾಗಿ ನಡೆಯಿಸಿ, ಅವು ಕೊಡಬೇಕಾದ ಉತ್ತರವನ್ನು ಕೊಡುತ್ತವೆಯೋ ಇಲ್ಲವೋ ಎಂಬುದನ್ನು ಯಂತ್ರದಿಂದಲೇ ತಿಳಿದುಕೊಳ್ಳುವ ಪದ್ಧತಿ ಸಾಫ್ಟ್‌ವೇರ್ ರಚನೆಯಲ್ಲಿ ಈಗ ಸರ್ವಸಾಧಾರಣವಾಗಿದೆ. ಇಂಥ ಪರೀಕ್ಷೆಗೆ ವ್ಯವಹಾರದಲ್ಲಿ ಯೂನಿಟ್ ಟೆಸ್ಟ್ ಎಂದು ಹೆಸರು; ಪ್ರಕೃತ ಲೇಖನದಲ್ಲಿ ಇದನ್ನು ಘಟಕಪರೀಕ್ಷೆ ಎಂದು ಕರೆಯುತ್ತೇವೆ. ಘಟಕಪರೀಕ್ಷೆಗಳು ತಾವಾಗಿಯೇ ನಡೆಯತಕ್ಕವಲ್ಲ. ಅವನ್ನು ಹುಡುಕಿ, ಒಂದಾದ ಮೇಲೊಂದರಂತೆ ನಡೆಯಿಸಿ, ಗೆದ್ದವು ಯಾವುವು, ಸೋತವು ಯಾವುವು ಎಂದು ವರದಿಮಾಡುವ ಸಾಧನವೊಂದು ಬೇಕು. ಅದೇ ಪರೀಕ್ಷಾ ಚೌಕಟ್ಟು. ಚೌಕಟ್ಟುಗಳಿಗೂ ಆಯುಸ್ಸೆಂಬುದುಂಟು. ಒಂದನ್ನು ಪೋಷಿಸುತ್ತಿದ್ದವರು ಕೈಬಿಡುತ್ತಾರೆ, ಇನ್ನೊಂದು ಹೊಸ ಸೌಕರ್ಯಗಳೊಡನೆ ಬರುತ್ತದೆ. ಆಗ ಹಳೆಯ ಚೌಕಟ್ಟಿಗಾಗಿ ಬರೆದ ಸಾವಿರಾರು ಪರೀಕ್ಷೆಗಳನ್ನು ಹೊಸದಕ್ಕೆ ಹೊಂದುವಂತೆ ಮಾರ್ಪಡಿಸಬೇಕಾಗುತ್ತದೆ.

ಈ ಕೆಲಸವನ್ನು ಸಾಮಾನ್ಯವಾಗಿ ಕೇವಲ ಗುಮಾಸ್ತೆಯ ಕೆಲಸವೆಂದು ಭಾವಿಸುವುದುಂಟು. ಒಂದು ಹೆಸರಿನ ಬದಲು ಇನ್ನೊಂದು ಹೆಸರನ್ನು ಬರೆಯುವುದು, ಕೊನೆಗೆ ಎಲ್ಲವನ್ನೂ ನಡೆಯಿಸಿ ನೋಡುವುದು, ತೆರೆಯ ಮೇಲೆ ಹಸಿರು ಬಣ್ಣ ಕಂಡರೆ ಕೆಲಸ ಮುಗಿಯಿತೆಂದು ಎದ್ದುಹೋಗುವುದು, ಇಷ್ಟೇ ಅದರ ವ್ಯಾಪ್ತಿಯೆಂಬುದು ರೂಢಿಯ ಅಭಿಪ್ರಾಯ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ಯುಕ್ತವಾದುದು ಎಂಬುದನ್ನು ಪರಿಶೀಲಿಸುವುದೇ ನಮ್ಮ ಉದ್ದೇಶ.

ಪರೀಕ್ಷೆಯೆಂಬುದು ಒಂದು ಒರೆಗಲ್ಲು. ಹಳೆಯ ಒರೆಗಲ್ಲು ಸವೆಯಿತೆಂದು ಅಕ್ಕಸಾಲಿಗನು ಹೊಸದೊಂದನ್ನು ತಂದನೆಂದು ಭಾವಿಸೋಣ. ತನ್ನಲ್ಲಿರುವ ಅಪರಂಜಿಯನ್ನು ಅದರ ಮೇಲೆ ಉಜ್ಜಿ, ಅದು ಚಿನ್ನವೆಂದು ಕಲ್ಲು ತೋರಿಸಿದ ಮಾತ್ರಕ್ಕೆ ಅವನು ತೃಪ್ತನಾಗಬಹುದೇ? ಉಜ್ಜಿದುದೆಲ್ಲವನ್ನೂ ಚಿನ್ನವೆನ್ನುವ ಕಲ್ಲೂ ಅದನ್ನೇ ಹೇಳುತ್ತದೆಯಷ್ಟೆ. ಕಲ್ಲಿನ ಯೋಗ್ಯತೆ ತಿಳಿಯಬೇಕಾದರೆ ಹಿತ್ತಾಳೆಯನ್ನೂ ಅದರ ಮೇಲೆ ಉಜ್ಜಬೇಕು. ಹಳೆಯ ಕಲ್ಲು ಯಾವುದನ್ನು ತಿರಸ್ಕರಿಸುತ್ತಿತ್ತೋ ಅದನ್ನು ಹೊಸದೂ ತಿರಸ್ಕರಿಸಬೇಕು. ರೂಪಾಂತರಗೊಂಡ ಪರೀಕ್ಷೆಗಳ ವಿಷಯದಲ್ಲಿಯೂ ನ್ಯಾಯ ಇದೇ. ಅವು ಗೆಲ್ಲುತ್ತವೆಂಬುದು ಅಲ್ಪ ಪ್ರಮಾಣ. ಹಳೆಯವು ಸೋಲುತ್ತಿದ್ದ ಕಡೆಯಲ್ಲೆಲ್ಲ ಇವೂ ಸೋಲುತ್ತವೆಂಬುದೇ ಮುಖ್ಯ ಪ್ರಮಾಣ. ಈ ಮಾತನ್ನು ಉದಾಹರಣೆಗಳಿಂದ ಸಮರ್ಥಿಸಲು ಮುಂದೆ ಯತ್ನಿಸುತ್ತೇವೆ.

೨

ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ಕೆಂಟ್ ಬೆಕ್ ಎಂಬ ಅಮೆರಿಕದ ಸಾಫ್ಟ್‌ವೇರ್ ತಜ್ಞರು ಸ್ಮಾಲ್‌ಟಾಕ್ ಭಾಷೆಗಾಗಿ ಒಂದು ಪರೀಕ್ಷಾ ವ್ಯವಸ್ಥೆಯನ್ನು ರೂಪಿಸಿ ೧೯೯೪ರಲ್ಲಿ ಅದನ್ನು ವಿವರಿಸಿದರು. ಅವರೂ ಎರಿಕ್ ಗಾಮಾ ಅವರೂ ಸೇರಿ ೧೯೯೭ರಲ್ಲಿ, ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ, ಅದೇ ಕಲ್ಪನೆಯನ್ನು ಜಾವಾ ಭಾಷೆಗೆ ತಂದರು. ಅದೇ ಜೆಯೂನಿಟ್. ಅನಂತರ ಅನೇಕ ಭಾಷೆಗಳಲ್ಲಿ ಹುಟ್ಟಿದ ಚೌಕಟ್ಟುಗಳು ಇದೇ ವಂಶಕ್ಕೆ ಸೇರಿದುವು. ಜೆಯೂನಿಟ್‌ನ ಮೂರನೆಯ ಆವೃತ್ತಿಯಲ್ಲಿ ಟೆಸ್ಟ್ ಎಂದು ಮೊದಲಾಗುವ ಹೆಸರುಳ್ಳ ವಿಧಾನಗಳೇ ಪರೀಕ್ಷೆಗಳು. ೨೦೦೬ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ವಿಧಾನದ ತಲೆಯ ಮೇಲೆ ಹಚ್ಚಿದ ಟೆಸ್ಟ್ ಎಂಬ ಗುರುತೇ ಅದನ್ನು ಪರೀಕ್ಷೆಯನ್ನಾಗಿ ಮಾಡುತ್ತದೆ. ೨೦೧೭ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಐದನೆಯ ಆವೃತ್ತಿಯಲ್ಲಿ ಒಳಗಿನ ರಚನೆಯೇ ಬೇರೆಯಾಯಿತು.

ಪರೀಕ್ಷೆಯೊಂದರ ಅರ್ಥ ಎಲ್ಲಿದೆ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಬೇಕಾಗಿದೆ. ಬರೆದ ಸಾಲುಗಳಲ್ಲಿಯೇ ಇದೆಯೆಂದು ಮೊದಲ ನೋಟಕ್ಕೆ ತೋರುತ್ತದೆ. ‘ಈ ಬೆಲೆ ಆ ಬೆಲೆಗೆ ಸಮನಾಗಿರಬೇಕು’ ಎಂಬ ನಿಶ್ಚಯವಾಕ್ಯವೇ ಪರೀಕ್ಷೆಯ ಹೃದಯವೆಂಬುದು ನಿಜ. ಆದರೆ ಆ ವಾಕ್ಯವನ್ನು ಯಾರು ಹುಡುಕಿ ನಡೆಯಿಸುತ್ತಾರೆ, ಅದಕ್ಕೆ ಮುಂಚೆ ಏನನ್ನು ಸಿದ್ಧಪಡಿಸುತ್ತಾರೆ, ಹಿಂದಿನ ಪರೀಕ್ಷೆಯ ಶೇಷ ಉಳಿದಿರುತ್ತದೆಯೇ, ಸಮನೆಂದರೆ ಎಷ್ಟು ಸಮ, ಎಷ್ಟು ಹೊತ್ತು ಕಾಯಬೇಕು, ಇವೆಲ್ಲವೂ ಬರೆದ ಸಾಲಿನಲ್ಲಿಲ್ಲ. ಅವು ಚೌಕಟ್ಟಿನಲ್ಲಿವೆ. ಒಂದು ಮಾತಿಗೆ ವಾಚ್ಯಾರ್ಥವಿರುವಂತೆಯೇ ಸಂದರ್ಭದಿಂದ ಬರುವ ಅರ್ಥವೂ ಉಂಟೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಘಟಕಪರೀಕ್ಷೆಯಲ್ಲಿ ಆ ಸಂದರ್ಭವನ್ನು ಒದಗಿಸುವುದು ಚೌಕಟ್ಟು. ರೂಪಾಂತರಕಾರನು ಸಾಲುಗಳನ್ನು ಸಾಗಿಸುತ್ತಾನೆ. ಸಂದರ್ಭ ಹಿಂದೆಯೇ ಉಳಿಯುತ್ತದೆ. ದೋಷಗಳ ಮೂಲವಿರುವುದು ಇಲ್ಲಿ.

೩

ದೋಷಗಳಲ್ಲಿ ಮೊದಲನೆಯದು ಲೋಪ. ಸಂಧಿಕಾರ್ಯದಲ್ಲಿ ಲೋಪವಾದ ಸ್ವರವನ್ನು ಓದುಗನು ಅರ್ಥದ ಬಲದಿಂದ ಊಹಿಸಿಕೊಳ್ಳಬಲ್ಲನು. ಲೋಪವಾದ ಪರೀಕ್ಷೆಯಾದರೋ ಯಾರ ಊಹೆಗೂ ಬರುವುದಿಲ್ಲ. ಸೋತ ಪರೀಕ್ಷೆ ಕೂಗಿಕೊಳ್ಳುತ್ತದೆ, ಇಲ್ಲದ ಪರೀಕ್ಷೆ ಮೌನವಾಗಿರುತ್ತದೆ.

ಜೆಯೂನಿಟ್ ನಾಲ್ಕರಲ್ಲಿಯೂ ಐದರಲ್ಲಿಯೂ ಪರೀಕ್ಷೆಯ ಗುರುತಿಗೆ ಟೆಸ್ಟ್ ಎಂದೇ ಹೆಸರು. ಆದರೆ ಎರಡೂ ಬೇರೆಬೇರೆ ಪ್ಯಾಕೇಜುಗಳಿಗೆ ಸೇರಿದುವು. ಕಡತದ ಮೇಲ್ಭಾಗದಲ್ಲಿರುವ ಒಂದು ಸಾಲನ್ನು ತಿದ್ದಲು ಮರೆತರೆ, ಹಳೆಯ ಗ್ರಂಥಾಲಯವೂ ಜೊತೆಯಲ್ಲಿರುವ ಪಕ್ಷದಲ್ಲಿ, ಯಾವ ಆಕ್ಷೇಪಣೆಯೂ ಇಲ್ಲದೆ ಎಲ್ಲವೂ ಯಂತ್ರಭಾಷೆಗೆ ಇಳಿಯುತ್ತದೆ. ಹೊಸ ಚೌಕಟ್ಟು ಹಳೆಯ ಗುರುತನ್ನು ಅರಿಯದು. ಆದುದರಿಂದ ಆ ಪರೀಕ್ಷೆಗಳನ್ನು ನಡೆಯಿಸುವುದೇ ಇಲ್ಲ. ಹಳೆಯವನ್ನು ನಡೆಯಿಸಲೆಂದೇ ಇರುವ ವಿಂಟೇಜ್ ಎಂಬ ಎಂಜಿನ್ನನ್ನು ಸೇರಿಸಿರದಿದ್ದರೆ ನೂರು ಪರೀಕ್ಷೆಗಳಿದ್ದ ಕಡೆ ತೊಂಬತ್ತು ನಡೆದು, ತೊಂಬತ್ತೂ ಗೆದ್ದುವೆಂದು ವರದಿ ಬರುತ್ತದೆ. ಬಣ್ಣ ಹಸಿರೇ.

ಇದಕ್ಕಿಂತ ಸೂಕ್ಷ್ಮವಾದ ಲೋಪವೂ ಉಂಟು. ಪ್ರತಿಯೊಂದು ಪರೀಕ್ಷೆಗೂ ಮುಂಚೆ ನಡೆಯಬೇಕಾದ ಸಿದ್ಧತೆಗೆ ನಾಲ್ಕನೆಯ ಆವೃತ್ತಿಯಲ್ಲಿ ಬಿಫೋರ್ ಎಂದೂ ಐದನೆಯದರಲ್ಲಿ ಬಿಫೋರ್‌ಈಚ್ ಎಂದೂ ಗುರುತು. ಪರೀಕ್ಷೆಯ ಗುರುತನ್ನು ಬದಲಾಯಿಸಿ ಸಿದ್ಧತೆಯ ಗುರುತನ್ನು ಹಾಗೆಯೇ ಬಿಟ್ಟರೆ ಪರೀಕ್ಷೆ ಸಿದ್ಧತೆಯಿಲ್ಲದೆ ನಡೆಯುತ್ತದೆ. ಆಗ ಅದು ಸೋತರೆ ಒಳ್ಳೆಯದೇ, ತಪ್ಪು ತಿಳಿಯುತ್ತದೆ. ಪರೀಕ್ಷೆಯ ಅನಂತರ ಶುಚಿಗೊಳಿಸುವ ವಿಧಾನದ ಗುರುತನ್ನು ಹೀಗೆಯೇ ಬಿಟ್ಟರೆ ಮಾತ್ರ ಬಹುಕಾಲ ಯಾವ ಸೂಚನೆಯೂ ಕಾಣದಿರಬಹುದು.

ಪೈಥಾನ್ ಭಾಷೆಯಿಂದ ಇನ್ನೊಂದು ನಿದರ್ಶನವನ್ನು ಕೊಡಬಹುದು. ನೋಸ್ ಎಂಬ ಚೌಕಟ್ಟು ಒಂದು ಕಾಲಕ್ಕೆ ಬಹಳ ಜನಪ್ರಿಯವಾಗಿತ್ತು. ೨೦೧೫ರ ಅನಂತರ ಅದರ ಹೊಸ ಆವೃತ್ತಿ ಬರಲಿಲ್ಲ. ಅದರಲ್ಲಿ ಯೀಲ್ಡ್ ಎಂಬ ಪದವನ್ನು ಬಳಸಿ, ಒಂದೇ ವಿಧಾನದಿಂದ ಹಲವು ಪರೀಕ್ಷೆಗಳನ್ನು ಒಂದೊಂದಾಗಿ ಹೊರಡಿಸುವ ಸೌಕರ್ಯವಿತ್ತು. ಅಂಥ ವಿಧಾನವನ್ನು ಭಾಷೆಯೊಡನೆಯೇ ಬರುವ ಯೂನಿಟ್‌ಟೆಸ್ಟ್ ಎಂಬ ಚೌಕಟ್ಟಿನ ವರ್ಗದೊಳಗೆ ಹಾಗೆಯೇ ನಕಲುಮಾಡಿದರೆ ಆಗುವುದೇನು? ಯೀಲ್ಡ್ ಇರುವ ವಿಧಾನವನ್ನು ಕರೆದಾಗ ಅದರ ಒಳಗಿನ ಒಂದು ಸಾಲೂ ನಡೆಯುವುದಿಲ್ಲ. ಮುಂದೆ ನಡೆಯಬಹುದಾದ ಒಂದು ವಸ್ತು ಮಾತ್ರ ಹುಟ್ಟುತ್ತದೆ. ಚೌಕಟ್ಟು ಆ ವಸ್ತುವನ್ನು ಗಮನಿಸದೆ, ಯಾವ ಸೋಲೂ ಸಂಭವಿಸಲಿಲ್ಲವಾದುದರಿಂದ, ಗೆಲುವೆಂದು ಬರೆದುಕೊಳ್ಳುತ್ತದೆ. ಪಟ್ಟಿಯಲ್ಲಿ ಪರೀಕ್ಷೆಯ ಹೆಸರಿದೆ, ಒಡಲಿನಲ್ಲಿ ಉಸಿರಿಲ್ಲ. ೨೦೨೨ರಲ್ಲಿ ಬಂದ ಪೈಥಾನ್ ೩.೧೧ರಿಂದ ಈಚೆಗೆ ಇಂಥ ಸಂದರ್ಭದಲ್ಲಿ ಒಂದು ಎಚ್ಚರಿಕೆಯ ಮಾತು ಬರುತ್ತದೆ. ಅದಕ್ಕೆ ಹಿಂದೆ ಅದೂ ಇರಲಿಲ್ಲ.

ಎರಡನೆಯ ದೋಷ ವಿಪರ್ಯಯ, ಎಂದರೆ ಸ್ಥಾನಪಲ್ಲಟ. ಜೆಯೂನಿಟ್ ನಾಲ್ಕರ ನಿಶ್ಚಯವಾಕ್ಯಗಳಲ್ಲಿ, ಸೋತಾಗ ತೋರಿಸಬೇಕಾದ ವಿವರಣೆ ಮೊದಲು ಬರುತ್ತದೆ, ಹೋಲಿಸಬೇಕಾದ ಎರಡು ಬೆಲೆಗಳು ಅನಂತರ. ಐದರಲ್ಲಿ ಬೆಲೆಗಳು ಮೊದಲು, ವಿವರಣೆ ಕೊನೆಗೆ. ಬೆಲೆಗಳು ಸಂಖ್ಯೆಗಳಾಗಿದ್ದರೆ ಹಳೆಯ ಕ್ರಮ ಹೊಸದರಲ್ಲಿ ಸಾಗದು, ಅನುವಾದಕಯಂತ್ರವೇ ತಡೆಯುತ್ತದೆ. ಮೂರೂ ಅಕ್ಷರಮಾಲೆಗಳಾಗಿದ್ದರೆ ತಡೆಯುವವರಿಲ್ಲ. ‘ಸಮ’ ಎಂಬ ವಾಕ್ಯವಾದರೆ ವಿವರಣೆಯ ಮಾತೂ ಮೊದಲ ಬೆಲೆಯೂ ಹೋಲದಿರುವುದರಿಂದ ಪರೀಕ್ಷೆ ಸೋತು ತಪ್ಪು ಬಯಲಾಗುತ್ತದೆ. ಆದರೆ ‘ಸಮವಲ್ಲ’ ಎಂಬ ವಾಕ್ಯವನ್ನು ಪರಿಭಾವಿಸಿರಿ. ಹೊಸ ಗುಪ್ತಪದ ಹಳೆಯದರಂತೆಯೇ ಇರಕೂಡದೆಂದು ಪರೀಕ್ಷಿಸುವ ಒಂದು ಸಾಲಿದೆ. ಅದರ ಮೊದಲಲ್ಲಿ ‘ಗುಪ್ತಪದ ಬದಲಾಗಿರಬೇಕು’ ಎಂಬ ವಿವರಣೆಯಿದೆ. ಹಳೆಯ ಕ್ರಮದಲ್ಲಿಯೇ ಬಿಟ್ಟರೆ ಹೊಸ ಚೌಕಟ್ಟು ಹೋಲಿಸುವುದು ವಿವರಣೆಯನ್ನೂ ಹಳೆಯ ಗುಪ್ತಪದವನ್ನೂ. ಅವು ಎಂದೂ ಸಮವಲ್ಲ. ಆದುದರಿಂದ ಪರೀಕ್ಷೆ ಎಂದೂ ಸೋಲುವುದಿಲ್ಲ. ಗುಪ್ತಪದವನ್ನು ಬದಲಾಯಿಸುವ ಭಾಗ ಪೂರ್ತಿ ಕೆಟ್ಟುಹೋದರೂ ಸೋಲುವುದಿಲ್ಲ. ಉಜ್ಜಿದುದೆಲ್ಲವನ್ನೂ ಚಿನ್ನವೆನ್ನುವ ಕಲ್ಲು ಇದೇ.

೪

ಮೂರನೆಯದು ಪರಿಸರಭೇದ. ಜೆಯೂನಿಟ್ ಪ್ರತಿಯೊಂದು ಪರೀಕ್ಷೆಗೂ ವರ್ಗದ ಹೊಸ ವಸ್ತುವೊಂದನ್ನು ನಿರ್ಮಿಸುತ್ತದೆ. ಜಾವಾ ಭಾಷೆಯದೇ ಆದ ಟೆಸ್ಟ್‌ಎನ್‌ಜಿ ಎಂಬ ಚೌಕಟ್ಟು, ೨೦೦೪ರಲ್ಲಿ ಬಂದುದು, ವರ್ಗದ ಎಲ್ಲ ಪರೀಕ್ಷೆಗಳಿಗೂ ಒಂದೇ ವಸ್ತುವನ್ನು ಬಳಸುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಸಾಗಿಸಿದಾಗ, ಒಂದು ಪರೀಕ್ಷೆ ಪಟ್ಟಿಗೆ ಸೇರಿಸಿದ ಪದಾರ್ಥ ಮುಂದಿನ ಪರೀಕ್ಷೆಯ ಕಾಲಕ್ಕೂ ಅಲ್ಲಿಯೇ ಇರುತ್ತದೆ. ‘ಪಟ್ಟಿಯಲ್ಲಿ ಒಂದೇ ಪದಾರ್ಥವಿರಬೇಕು’ ಎನ್ನುವ ಪರೀಕ್ಷೆ ಸೋತು ನಮ್ಮನ್ನು ಎಚ್ಚರಿಸುತ್ತದೆ. ‘ಪಟ್ಟಿಯಲ್ಲಿ ಇಂಥ ಪದಾರ್ಥವಿರಬೇಕು’ ಎನ್ನುವ ಪರೀಕ್ಷೆಯಾದರೋ ಹಿಂದಿನವರು ಇಟ್ಟುಹೋದ ಪದಾರ್ಥವನ್ನು ಕಂಡು ಗೆಲ್ಲುತ್ತದೆ. ಸೇರಿಸುವ ಕ್ರಿಯೆ ಈ ಸಲ ನಡೆಯಿತೋ ಇಲ್ಲವೋ ಅದಕ್ಕೆ ತಿಳಿಯದು. ಹೀಗೆ ಒಂದೇ ಪರಿಸರಭೇದ ಒಂದು ಪರೀಕ್ಷೆಯನ್ನು ಕೆಡಿಸಿ ಇನ್ನೊಂದನ್ನು ಕುರುಡುಮಾಡುತ್ತದೆ. ಕೆಟ್ಟುದನ್ನು ತಿದ್ದುವವರುಂಟು, ಕುರುಡಾದುದನ್ನು ಕೇಳುವವರಿಲ್ಲ.

ಕಾಲಮಿತಿಯ ವಿಷಯವೂ ಹೀಗೆಯೇ. ನಾಲ್ಕನೆಯ ಆವೃತ್ತಿಯಲ್ಲಿ ಪರೀಕ್ಷೆಗೆ ಕಾಲಮಿತಿಯನ್ನು ವಿಧಿಸಿದರೆ ಅದು ಪ್ರತ್ಯೇಕವಾದ ಎಳೆಯಲ್ಲಿ ನಡೆದು, ಮಿತಿ ಮೀರಿದೊಡನೆ ಸೋತಿತೆಂದು ಘೋಷಿತವಾಗುತ್ತದೆ. ಐದನೆಯದರಲ್ಲಿ ಹೆಸರಿನಿಂದ ಅದಕ್ಕೆ ಸಮೀಪವಾಗಿ ಕಾಣುವ ಅಸರ್ಟ್‌ಟೈಮ್‌ಔಟ್ ಎಂಬುದು ಅದೇ ಎಳೆಯಲ್ಲಿ ನಡೆದು, ಕೆಲಸ ಮುಗಿಯುವವರೆಗೆ ಕಾದು, ಆಮೇಲೆ ಹೊತ್ತನ್ನು ಅಳೆಯುತ್ತದೆ. ಮುಗಿಯದ ಸುತ್ತಿನಲ್ಲಿ ಸಿಕ್ಕ ಕ್ರಮವಿಧಿಯ ಮುಂದೆ ಇದು ಎಂದೆಂದಿಗೂ ಕಾಯುತ್ತ ಕೂರುತ್ತದೆ. ಹಳೆಯ ಅರ್ಥವನ್ನು ಉಳಿಸಬೇಕಾದರೆ ಬಲವಂತದಿಂದ ನಿಲ್ಲಿಸುವ ಇನ್ನೊಂದು ರೂಪವನ್ನೇ ಆರಿಸಬೇಕು. ಹೆಸರಿನ ಸಾಮ್ಯ ಅರ್ಥದ ಸಾಮ್ಯಕ್ಕೆ ಪ್ರಮಾಣವಲ್ಲ.

ಇಲ್ಲಿಯೇ ಮತ್ತೊಂದು ಪಕ್ಷವನ್ನೂ ಹೇಳಿಬಿಡುವುದು ನ್ಯಾಯ. ರೂಪಾಂತರ ಮೂಲವನ್ನು ಯಾವಾಗಲೂ ಕೆಡಿಸುತ್ತದೆಂದು ನಮ್ಮ ಅಭಿಪ್ರಾಯವಲ್ಲ. ಕೆಲವು ವೇಳೆ ಅದೇ ಮೂಲದ ದೋಷವನ್ನು ಹೊರಗೆಡಹುತ್ತದೆ. ಖಾತೆಯಲ್ಲಿ ಹಣ ಸಾಲದಿದ್ದಾಗ ಕ್ರಮವಿಧಿ ಒಂದು ಅಪವಾದವನ್ನು ಎಸೆಯಬೇಕೆಂದಿಟ್ಟುಕೊಳ್ಳೋಣ. ನಾಲ್ಕನೆಯ ಆವೃತ್ತಿಯ ರೂಢಿಯಲ್ಲಿ, ‘ಈ ಪರೀಕ್ಷೆಯಲ್ಲಿ ಇಂಥ ಅಪವಾದ ನಿರೀಕ್ಷಿತ’ ಎಂದು ತಲೆಯ ಮೇಲೆ ಬರೆಯುತ್ತಿದ್ದರು. ಖಾತೆಯನ್ನು ತೆರೆಯುವ ಸಾಲು, ಹಣ ಕಟ್ಟುವ ಸಾಲು, ಹಣ ತೆಗೆಯುವ ಸಾಲು, ಈ ಮೂರರಲ್ಲಿ ಯಾವುದು ಆ ಅಪವಾದವನ್ನು ಎಸೆದರೂ ಪರೀಕ್ಷೆ ಗೆಲ್ಲುತ್ತಿತ್ತು. ಐದನೆಯ ಆವೃತ್ತಿಯ ಅಸರ್ಟ್‌ಥ್ರೋಸ್ ಎಂಬ ವಾಕ್ಯ ಎಸೆಯಬೇಕಾದ ಸಾಲನ್ನು ಮಾತ್ರ ತನ್ನೊಳಗೆ ಇಟ್ಟುಕೊಳ್ಳಬಲ್ಲುದು. ಆದುದರಿಂದ ರೂಪಾಂತರಕಾರನಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಮೂಲಲೇಖಕನ ಮನಸ್ಸಿನಲ್ಲಿದ್ದುದು ಯಾವ ಸಾಲು? ಸೋಮಾರಿಯಾದವನು ಮೂರನ್ನೂ ಒಳಗೆ ತುಂಬಿ ಅಸ್ಪಷ್ಟತೆಯನ್ನು ಕಾಪಾಡುತ್ತಾನೆ. ವಿವೇಕಿಯಾದವನು ಕ್ರಮವಿಧಿಯ ಉದ್ದೇಶವನ್ನು ವಿಚಾರಿಸಿ ಒಂದನ್ನು ಆರಿಸುತ್ತಾನೆ. ಈ ಆಯ್ಕೆಯಲ್ಲಿ ಅವನು ಗುಮಾಸ್ತೆಯಲ್ಲ, ವಿಮರ್ಶಕ. ಓಲೆಗರಿಯ ಪಾಠಾಂತರಗಳ ಮುಂದೆ ಕುಳಿತ ಗ್ರಂಥಸಂಪಾದಕನ ಹೊಣೆಯೇ ಅವನದೂ ಆಗಿದೆ.

೫

ನಾಲ್ಕನೆಯದು ಪ್ರಮಾಣಭೇದ. ದಶಮಾಂಶ ಭಿನ್ನಗಳ ಲೆಕ್ಕದಲ್ಲಿ ಗಣಕಯಂತ್ರ ಅತಿ ಸೂಕ್ಷ್ಮವಾದ ದೋಷಗಳನ್ನು ಮಾಡುವುದು ಸಹಜ. ಆದುದರಿಂದ ಪರೀಕ್ಷೆಗಳಲ್ಲಿ ‘ಹೆಚ್ಚುಕಡಮೆ ಸಮ’ ಎಂಬ ವಾಕ್ಯವನ್ನು ಬಳಸುತ್ತಾರೆ. ಹೆಚ್ಚುಕಡಮೆ ಎಂದರೆ ಎಷ್ಟು?

ಪೈಥಾನಿನ ಯೂನಿಟ್‌ಟೆಸ್ಟ್ ಚೌಕಟ್ಟಿನಲ್ಲಿ, ಬೇರೇನನ್ನೂ ಹೇಳದಿದ್ದರೆ, ಎರಡು ಬೆಲೆಗಳ ವ್ಯತ್ಯಾಸವನ್ನು ಏಳು ದಶಮಾಂಶ ಸ್ಥಾನಗಳಿಗೆ ಸರಿಮಾಡಿದಾಗ ಸೊನ್ನೆಯಾಗಬೇಕು. ಎಂದರೆ ವ್ಯತ್ಯಾಸ ಸುಮಾರು ೦.೦೦೦೦೦೦೦೫ನ್ನು ಮೀರಕೂಡದು. ಬೆಲೆ ಚಿಕ್ಕದಿರಲಿ ದೊಡ್ಡದಿರಲಿ, ಈ ಮಿತಿ ಒಂದೇ. ಪೈಟೆಸ್ಟ್ ಚೌಕಟ್ಟಿನ ಅಪ್ರಾಕ್ಸ್ ಎಂಬ ಸಾಧನದಲ್ಲಿ ಮಿತಿ ನಿರೀಕ್ಷಿತ ಬೆಲೆಯ ಹತ್ತು ಲಕ್ಷದಲ್ಲಿ ಒಂದು ಪಾಲು. ಈಗ ಬಡ್ಡಿಯ ಲೆಕ್ಕವನ್ನು ಪರೀಕ್ಷಿಸುವ ಒಂದು ಸಾಲಿದೆಯೆಂದೂ, ನಿರೀಕ್ಷಿತ ಮೊತ್ತ ೧೦,೦೦,೦೦೦ ರೂಪಾಯಿಯೆಂದೂ ಇಟ್ಟುಕೊಳ್ಳೋಣ. ಹಳೆಯ ಚೌಕಟ್ಟು ಒಂದು ಪೈಸೆಯ ತಪ್ಪನ್ನೂ ಹಿಡಿಯುತ್ತಿತ್ತು. ಹೊಸದು ಒಂದು ರೂಪಾಯಿಯವರೆಗೆ ಸುಮ್ಮನಿರುತ್ತದೆ. ಮಿತಿ ಎರಡು ಕೋಟಿ ಪಟ್ಟು ಸಡಿಲವಾಯಿತು. ಇದಕ್ಕೆ ವಿರುದ್ಧವಾಗಿ ನಿರೀಕ್ಷಿತ ಬೆಲೆ ಸೊನ್ನೆಯಾಗಿದ್ದರೆ ಪೈಟೆಸ್ಟ್ ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲನ್ನು ಮಾತ್ರ ಸಹಿಸುತ್ತದೆ. ಅಲ್ಲಿ ಮಿತಿ ಐವತ್ತು ಸಾವಿರ ಪಟ್ಟು ಬಿಗಿಯಾಗುತ್ತದೆ.

ಎರಡು ಪದ್ಧತಿಗಳಲ್ಲಿ ಒಂದು ಸರಿ, ಒಂದು ತಪ್ಪು ಎಂದು ನಾವು ಹೇಳುತ್ತಿಲ್ಲ. ಭೌತಶಾಸ್ತ್ರದ ಗಣನೆಗೆ ಸಾಪೇಕ್ಷ ಮಿತಿಯೇ ಅನೇಕ ವೇಳೆ ಯುಕ್ತ. ಲೆಕ್ಕಪತ್ರಕ್ಕೆ ನಿರಪೇಕ್ಷ ಮಿತಿ ಯುಕ್ತ. ಎರಡು ಚೌಕಟ್ಟುಗಳಲ್ಲಿಯೂ ಬೇಕಾದ ಮಿತಿಯನ್ನು ಬಾಯಿಬಿಟ್ಟು ಹೇಳಲು ಅವಕಾಶವುಂಟು. ನಮ್ಮ ಆಕ್ಷೇಪಣೆ ಇಷ್ಟೇ: ಮೂಲದಲ್ಲಿ ಹೇಳದೆ ಬಿಟ್ಟುದು ಅಲ್ಲಿಯ ಚೌಕಟ್ಟಿನ ರೂಢಿಯಿಂದ ಅರ್ಥವತ್ತಾಗಿತ್ತು, ಅದನ್ನು ಹೇಳದೆಯೇ ಸಾಗಿಸಿದಾಗ ಬೇರೊಂದು ರೂಢಿ ಅದರ ಸ್ಥಾನದಲ್ಲಿ ಬಂದು ಕುಳಿತಿತು. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಲ್ಲದಿದ್ದ ಕಾಲದಲ್ಲಿ, ಬರಿಯ ‘ಎರಡು ಸೇರು’ ಎಂಬ ಮಾತನ್ನು ಊರಿಂದೂರಿಗೆ ಒಯ್ದವನು ಮೋಸಹೋಗುತ್ತಿದ್ದ ಬಗೆ ಇದೇ.

೬

ಇದುವರೆಗೆ ನೋಡಿದುವು ಒಂದೇ ಕುಲದ ಚೌಕಟ್ಟುಗಳು. ದೃಷ್ಟಿಯೇ ಬೇರೆಯಾದ ಚೌಕಟ್ಟುಗಳ ನಡುವೆ ಪ್ರಶ್ನೆ ಇನ್ನೂ ಗಹನವಾಗುತ್ತದೆ. ವೆಬ್ ಪುಟಗಳ ರಚನೆಗೆ ಬಳಸುವ ರಿಯಾಕ್ಟ್ ಎಂಬ ಗ್ರಂಥಾಲಯದ ಪರೀಕ್ಷೆಗಳಿಗಾಗಿ ಏರ್‌ಬಿಎನ್‌ಬಿ ಸಂಸ್ಥೆ ೨೦೧೫ರಲ್ಲಿ ಎನ್‌ಜೈಮ್ ಎಂಬ ಸಾಧನವನ್ನು ಪ್ರಕಟಿಸಿತು. ಅದು ಘಟಕದ ಒಡಲೊಳಗೆ ಇಣುಕಿ, ಅದರ ಆಂತರಿಕ ಸ್ಥಿತಿಯನ್ನು ನೇರವಾಗಿ ಓದಬಲ್ಲುದು. ಬೇಕಾದರೆ ಮಕ್ಕಳ ಘಟಕಗಳನ್ನು ಬಿಟ್ಟು ಮೇಲ್ಪದರವನ್ನು ಮಾತ್ರ ಚಿತ್ರಿಸಬಲ್ಲುದು. ೨೦೧೮ರಲ್ಲಿ ಕೆಂಟ್ ಸಿ. ಡಾಡ್ಸ್ ಅವರು ತಂದ ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿಯ ತತ್ತ್ವ ಇದಕ್ಕೆ ವಿರುದ್ಧವಾದುದು. ಬಳಸುವವನ ಕಣ್ಣಿಗೆ ಏನು ಕಾಣುತ್ತದೆಯೋ ಅದನ್ನೇ ಪರೀಕ್ಷಿಸಬೇಕು, ಒಡಲೊಳಗಿನದು ಪರೀಕ್ಷೆಯ ವಿಷಯವಲ್ಲ ಎಂಬುದು ಅದರ ಮತ. ೨೦೨೨ರಲ್ಲಿ ಬಂದ ರಿಯಾಕ್ಟ್ ೧೮ಕ್ಕೆ ಎನ್‌ಜೈಮಿನ ಅಧಿಕೃತ ಹೊಂದಾಣಿಕೆ ದೊರೆಯದೆ ಹೋದುದರಿಂದ ಅನೇಕರಿಗೆ ಸ್ಥಳಾಂತರ ಅನಿವಾರ್ಯವಾಯಿತು.

ಎನ್‌ಜೈಮಿನ ಜನ್ಮಸ್ಥಾನವಾದ ಏರ್‌ಬಿಎನ್‌ಬಿಯೇ ತನ್ನ ಸುಮಾರು ೩,೫೦೦ ಪರೀಕ್ಷಾಕಡತಗಳನ್ನು ಹೀಗೆ ಬದಲಾಯಿಸಿದ ವೃತ್ತಾಂತವನ್ನು ೨೦೨೫ರ ಮಾರ್ಚಿಯಲ್ಲಿ ಪ್ರಕಟಿಸಿತು. ಕೈಯಿಂದ ಮಾಡಿದರೆ ಒಂದೂವರೆ ವರ್ಷ ಹಿಡಿಯುವುದೆಂದು ಅಂದಾಜುಮಾಡಿದ್ದ ಕೆಲಸವನ್ನು ಭಾಷಾಮಾದರಿಗಳ ನೆರವಿನಿಂದ ಆರು ವಾರಗಳಲ್ಲಿ ಮುಗಿಸಿದುದಾಗಿ ಅದರಲ್ಲಿ ಹೇಳಿದೆ. ಮೊದಲ ನಾಲ್ಕು ಗಂಟೆಗಳಲ್ಲಿ ಶೇಕಡಾ ೭೫ರಷ್ಟು ಕಡತಗಳು, ಮುಂದಿನ ನಾಲ್ಕು ದಿನಗಳಲ್ಲಿ ಶೇಕಡಾ ೯೭ರವರೆಗೆ, ಉಳಿದುವು ಮನುಷ್ಯರ ಕೈಯಿಂದ. ಪರೀಕ್ಷೆಗಳ ಮೂಲೋದ್ದೇಶವನ್ನೂ, ಕ್ರಮವಿಧಿಯ ಎಷ್ಟು ಸಾಲುಗಳನ್ನು ಅವು ಮುಟ್ಟುತ್ತವೆಂಬ ವ್ಯಾಪ್ತಿಯನ್ನೂ ಉಳಿಸಿಕೊಂಡುದಾಗಿಯೂ ಅವರು ಹೇಳುತ್ತಾರೆ. ಸಾಧನೆ ಗಣ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿಮರ್ಶಕನು ಕೇಳಬೇಕಾದ ಪ್ರಶ್ನೆ, ಈ ಶೇಕಡಾಂಕಗಳು ಏನನ್ನು ಎಣಿಸುತ್ತವೆ ಎಂಬುದು. ರೂಪಾಂತರವಾದ ಕಡತ ಯಂತ್ರದ ತಪಾಸಣೆಗಳನ್ನು ದಾಟಿತೇ ಎಂಬುದನ್ನು ಅವು ಎಣಿಸುತ್ತವೆ. ವ್ಯಾಪ್ತಿಯ ಅಂಕವಾದರೋ ಯಾವ ಸಾಲುಗಳು ನಡೆದುವೆಂಬುದನ್ನು ಎಣಿಸುತ್ತದೆ. ನಡೆದ ಸಾಲಿನ ಫಲವನ್ನು ಯಾರಾದರೂ ನೋಡಿದರೇ ಎಂಬುದನ್ನು ಎಣಿಸುವುದಿಲ್ಲ. ಹಿಂದೆ ಹೇಳಿದ ಗುಪ್ತಪದದ ಪರೀಕ್ಷೆಯಲ್ಲಿ ವ್ಯಾಪ್ತಿ ಒಂದು ಸಾಲೂ ಕಡಮೆಯಾಗದು.

ಈ ಭೇದ ಕಾಲ್ಪನಿಕವಲ್ಲವೆಂಬುದಕ್ಕೆ ಒಂದು ಉದಾಹರಣೆ ಸಾಕು. ಹೊಸ ಗ್ರಂಥಾಲಯದಲ್ಲಿ ‘ದೋಷದ ಸೂಚನೆ ತೆರೆಯ ಮೇಲೆ ಇರಕೂಡದು’ ಎಂದು ಪರೀಕ್ಷಿಸಬೇಕಾದರೆ ಆ ಸೂಚನೆಯ ಪಠ್ಯವನ್ನು ಹುಡುಕಿ, ಅದು ಸಿಗಲಿಲ್ಲವೆಂದು ನಿಶ್ಚಯಿಸುತ್ತಾರೆ. ಹಳೆಯ ಪರೀಕ್ಷೆ ದೋಷಸೂಚಕ ಘಟಕವನ್ನೇ ಹೆಸರು ಹಿಡಿದು ಹುಡುಕುತ್ತಿತ್ತು. ಅದರಲ್ಲಿ ಕಾಣುವ ಪಠ್ಯ ಯಾವುದೆಂದು ರೂಪಾಂತರಕಾರನು, ಮನುಷ್ಯನಾಗಲಿ ಯಂತ್ರವಾಗಲಿ, ತಪ್ಪಾಗಿ ಊಹಿಸಿದನೆನ್ನೋಣ. ಇಲ್ಲದ ಪಠ್ಯ ಇಲ್ಲವೆಂದು ಪರೀಕ್ಷೆ ಎಂದೆಂದಿಗೂ ಗೆಲ್ಲುತ್ತದೆ. ಅಭಾವವನ್ನು ಹೇಳುವ ವಾಕ್ಯಗಳಲ್ಲೆಲ್ಲ ಈ ಅಪಾಯವಿದೆ. ‘ಸಮವಲ್ಲ’, ‘ಕಾಣಲಿಲ್ಲ’, ‘ಎಸೆಯಲಿಲ್ಲ’ ಎಂಬುವು ಎಲ್ಲಿಯೂ ಸುಲಭವಾಗಿ ನಿಜವಾಗತಕ್ಕವು.

೭

ಇಲ್ಲಿ ಪೂರ್ವಪಕ್ಷವೊಂದನ್ನು ಎದುರಿಸಬೇಕು. ‘ಹೀಗೆಲ್ಲ ಸಂಶಯಪಟ್ಟರೆ ಯಾವ ಸ್ಥಳಾಂತರವೂ ಮುಗಿಯದು, ಹಳೆಯ ಪರೀಕ್ಷೆಗಳನ್ನು ಹಾಗೆಯೇ ಬಿಟ್ಟು, ಹೊಸವನ್ನು ಮಾತ್ರ ಹೊಸ ಚೌಕಟ್ಟಿನಲ್ಲಿ ಬರೆಯುವುದು ಲೇಸು’ ಎಂದು ಅನುಭವಿಗಳು ಹೇಳಬಹುದು. ಈ ಮಾತಿನಲ್ಲಿ ತಥ್ಯವಿದೆ. ಜೆಯೂನಿಟ್‌ನ ವಿಂಟೇಜ್ ಎಂಜಿನ್ನು ಈ ಉದ್ದೇಶಕ್ಕಾಗಿಯೇ ಹುಟ್ಟಿದುದು. ಆದರೆ ಅದು ತಂಗುದಾಣವೇ ಹೊರತು ಮನೆಯಲ್ಲ. ೨೦೨೫ರಲ್ಲಿ ಪ್ರಕಟವಾದ ಜೆಯೂನಿಟ್ ಆರರಲ್ಲಿ ವಿಂಟೇಜನ್ನು ಮುಂದೆ ಕೈಬಿಡತಕ್ಕವುಗಳ ಪಟ್ಟಿಗೆ ಸೇರಿಸಿದ್ದಾರೆ. ನೋಸ್ ಪದ್ಧತಿಯ ಪರೀಕ್ಷೆಗಳಿಗೆ ಪೈಟೆಸ್ಟ್ ಬಹುಕಾಲ ಕೊಟ್ಟಿದ್ದ ಆಶ್ರಯ ೨೦೨೪ರ ಎಂಟನೆಯ ಆವೃತ್ತಿಯಲ್ಲಿ ನಿಂತುಹೋಯಿತು. ಸ್ಥಳಾಂತರವನ್ನು ಮುಂದೂಡಬಹುದು, ತಪ್ಪಿಸಲು ಸಾಧ್ಯವಿಲ್ಲ.

ಹಾಗಾದರೆ ಮಾರ್ಗವೇನು? ೧೯೭೮ರಲ್ಲಿ ಡಿಮಿಲ್ಲೊ, ಲಿಪ್ಟನ್ ಮತ್ತು ಸೇವರ್ಡ್ ಎಂಬ ಮೂವರು ವಿದ್ವಾಂಸರು ಪರೀಕ್ಷೆಗಳನ್ನೇ ಪರೀಕ್ಷಿಸುವ ಉಪಾಯವೊಂದನ್ನು ವಿವರಿಸಿದರು. ಕ್ರಮವಿಧಿಯಲ್ಲಿ ಬುದ್ಧಿಪೂರ್ವಕವಾಗಿ ಒಂದು ಸಣ್ಣ ತಪ್ಪನ್ನು ಸೇರಿಸುವುದು, ಕೂಡುವ ಕಡೆ ಕಳೆಯುವುದು, ‘ಹೆಚ್ಚು’ ಎಂಬ ಕಡೆ ‘ಹೆಚ್ಚು ಅಥವಾ ಸಮ’ ಎಂದು ಮಾಡುವುದು, ಆಮೇಲೆ ಪರೀಕ್ಷೆಗಳು ಅದನ್ನು ಹಿಡಿಯುತ್ತವೆಯೇ ಎಂದು ನೋಡುವುದು. ಈ ಉಪಾಯ ಹೊಸ ಪರೀಕ್ಷೆಗಳ ಬೆಲೆ ಕಟ್ಟಲು ಹುಟ್ಟಿದುದು. ರೂಪಾಂತರದ ಬೆಲೆ ಕಟ್ಟುವುದಕ್ಕೆ ಇದು ಇನ್ನೂ ಹೆಚ್ಚು ತಕ್ಕುದೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಇಲ್ಲಿ ಹೋಲಿಸಿ ನೋಡಲು ಮೂಲವೇ ಕೈಯಲ್ಲಿದೆ. ಸ್ಥಳಾಂತರಕ್ಕೆ ಮುಂಚೆ ಇಪ್ಪತ್ತು ತಪ್ಪುಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿಯೊಂದಕ್ಕೂ ಸೋತ ಪರೀಕ್ಷೆಗಳ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಸ್ಥಳಾಂತರದ ಅನಂತರ ಅವೇ ಇಪ್ಪತ್ತು ತಪ್ಪುಗಳನ್ನು ಮತ್ತೆ ಸೇರಿಸಬೇಕು. ಎರಡು ಪಟ್ಟಿಗಳು ಹೊಂದಿದರೆ ಅರ್ಥ ಉಳಿದಿದೆಯೆಂದು ನಂಬಲು ಆಧಾರ ದೊರೆಯಿತು. ಹೊಂದದ ಕಡೆ ರೂಪಾಂತರಕಾರನು ಉತ್ತರ ಕೊಡಬೇಕು.

ಎರಡು ಪಟ್ಟಿಗಳು ಎಲ್ಲ ಕಡೆಯೂ ಹೊಂದಲೇಬೇಕೆಂದು ನಾವು ಹಟಹಿಡಿಯುವುದಿಲ್ಲ. ಎನ್‌ಜೈಮನ್ನು ಬಿಟ್ಟವನು ಒಡಲೊಳಗಿನ ಒಂದು ಹೆಸರನ್ನು ಬದಲಾಯಿಸಿದರೆ ಹಳೆಯ ಪರೀಕ್ಷೆ ಸೋಲುತ್ತದೆ, ಹೊಸದು ಸೋಲುವುದಿಲ್ಲ. ಸೋಲಕೂಡದೆಂಬುದೇ ಹೊಸ ತತ್ತ್ವ. ಅದು ಬೇಕೆಂದು ಬಿಟ್ಟ ಅರ್ಥ. ಗುಪ್ತಪದದ ಪರೀಕ್ಷೆ ಸೋಲದಿರುವುದು ತಿಳಿಯದೆ ಕಳೆದ ಅರ್ಥ. ಹಸಿರು ಬಣ್ಣ ಈ ಎರಡನ್ನೂ ಒಂದೇ ಎಂದು ತೋರಿಸುತ್ತದೆ. ಸೋಲಿನ ಪಟ್ಟಿ ಮಾತ್ರ ಬೇರ್ಪಡಿಸಿ ತೋರಿಸುತ್ತದೆ. ಬಿಟ್ಟುದನ್ನು ಬಿಟ್ಟೆವೆಂದು ಬರೆದಿಡುವುದು, ಕಳೆದುದನ್ನು ಹುಡುಕಿ ತರುವುದು, ಇವೆರಡೂ ರೂಪಾಂತರಕಾರನ ಧರ್ಮ.

ಇದರೊಡನೆ ಮೂರು ಸಣ್ಣ ನಿಯಮಗಳನ್ನು ಸೂಚಿಸಬಹುದು. ಮೊದಲನೆಯದು, ಪರೀಕ್ಷೆಗಳ ಸಂಖ್ಯೆಯನ್ನೂ ಹೆಸರುಗಳನ್ನೂ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಎಣಿಸುವುದು. ಲೋಪದ ಬಹುಭಾಗ ಇಷ್ಟರಿಂದಲೇ ಬಯಲಾಗುತ್ತದೆ. ಎರಡನೆಯದು, ಪರೀಕ್ಷೆಗಳನ್ನು ಬದಲಾಯಿಸುವಾಗ ಕ್ರಮವಿಧಿಯನ್ನು ಮುಟ್ಟದಿರುವುದು. ಅಳೆಯುವ ಕೋಲೂ ಅಳೆಯಿಸಿಕೊಳ್ಳುವ ಬಟ್ಟೆಯೂ ಒಟ್ಟಿಗೆ ಬದಲಾದರೆ ಅಳತೆಗೆ ಅರ್ಥವಿಲ್ಲ. ಮೂರನೆಯದು, ಮೊದಲು ಮೂಲವನ್ನು ಇದ್ದಂತೆ ಸಾಗಿಸಿ, ತಿದ್ದುಪಡಿಯನ್ನು ಅನಂತರ ಬೇರೆಯಾಗಿ ಮಾಡುವುದು. ಅಪವಾದದ ಉದಾಹರಣೆಯಲ್ಲಿ ಕಂಡಂತೆ ಮೂಲದ ದೋಷವನ್ನು ತಿದ್ದುವುದು ಶ್ಲಾಘ್ಯವೇ, ಆದರೆ ಅದು ಸಾಗಣೆಯ ಮರೆಯಲ್ಲಿ ನಡೆಯಬಾರದು.

ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವ ನಮಗೂ ಇದರಿಂದ ಒಂದು ಪಾಠವಿದೆ. ವಿದ್ಯಾರ್ಥಿಗಳ ಕ್ರಮವಿಧಿಗಳಿಗೆ ಅಂಕ ಕೊಡುವುದಕ್ಕೂ ಈಗ ಘಟಕಪರೀಕ್ಷೆಗಳನ್ನು ಬಳಸುವುದುಂಟು. ಚೌಕಟ್ಟು ಬದಲಾದ ವರ್ಷ ನಾವೂ ಪರೀಕ್ಷೆಗಳನ್ನು ಸಾಗಿಸುತ್ತೇವೆ. ನಮ್ಮದೇ ಸರಿಯುತ್ತರದ ಮೇಲೆ ನಡೆಯಿಸಿ, ಎಲ್ಲವೂ ಗೆದ್ದುದನ್ನು ಕಂಡು ಸಮಾಧಾನಪಡುತ್ತೇವೆ. ಅಪರಂಜಿಯನ್ನು ಮಾತ್ರ ಉಜ್ಜಿದಂತಾಯಿತು. ಕುರುಡಾದ ಪರೀಕ್ಷೆ ತಪ್ಪು ಬರೆದವನಿಗೂ ಪೂರ್ಣಾಂಕವನ್ನು ಕೊಡುತ್ತದೆ. ಅವನು ತನ್ನ ತಪ್ಪನ್ನು ಸರಿಯೆಂದು ಕಲಿತುಹೋಗುತ್ತಾನೆ, ಸರಿಯಾಗಿ ಬರೆದವನ ಶ್ರಮಕ್ಕೆ ಬೆಲೆಯಿಲ್ಲವಾಗುತ್ತದೆ. ಹಿಂದಿನ ವರ್ಷ ಸೋತಿದ್ದ ನಾಲ್ಕು ಉತ್ತರಗಳನ್ನು, ಬರೆದವರ ಹೆಸರು ತೆಗೆದು, ಜೋಪಾನವಾಗಿ ಇಟ್ಟುಕೊಂಡು ಹೊಸ ಪರೀಕ್ಷೆಗಳಿಗೆ ಒಡ್ಡಿ ನೋಡುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯ ಶ್ರಮವನ್ನು ವಹಿಸದೆ ಕೊಟ್ಟ ಅಂಕಗಳಿಗೆ ಚೌಕಟ್ಟನ್ನು ಹೊಣೆಮಾಡಲು ನಮಗೆ ಅಧಿಕಾರವಿಲ್ಲ.